ನಮ್ಮ ಹೆಸರು ಯಾವ ಪುಸ್ತಕದಲ್ಲಿದೆ?

(ಮಾನಂತವಾಡಿಯಲ್ಲಿ ಸೇರಿದ್ದ ಕನ್ನಡ ಕಾರ್ಮಿಕ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಹೆಚ್ಚಿನವರು ಆರು ದಿನ ದುಡಿದು, ಸಿಕ್ಕಿದ ಒಂದು ದಿನದ ವಿರಾಮದಲ್ಲಿ ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದೀರಿ. ತೋಲ್ಪೆಟ್ಟಿಯಿಂದ, ಬಾವಲಿಯಿಂದ, ತಿರುನೆಲ್ಲಿಯಿಂದ ಬಂದವರನ್ನೂ ಕಾಣುತ್ತಿದ್ದೇನೆ. ಆದುದರಿಂದ ದೊಡ್ಡ ಮಾತುಗಳನ್ನಾಡಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಈ ದಿನ ನಾನು ಕಾಗದದ ವಿಷಯ ಮಾತಾಡುತ್ತೇನೆ. ಸರಕಾರದ ಕಚೇರಿಗಳಲ್ಲಿ ನಮ್ಮ ಕುರಿತಾಗಿ ಏನನ್ನು ಬರೆದಿಟ್ಟಿದ್ದಾರೆ, ಅದು ಎಲ್ಲಿದೆ, ಅದನ್ನು ಕೇಳಿ ಪಡೆಯುವುದು ಹೇಗೆ, ಇಷ್ಟೇ ವಿಷಯ. ಇದು ವಕೀಲರ ಕೆಲಸ, ನಮ್ಮದಲ್ಲ ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳುತ್ತಿದ್ದೆ.

ಮೊದಲು ನಮ್ಮ ಮನೆಯ ಸಂಗತಿ ಹೇಳುತ್ತೇನೆ. ನನ್ನ ತಂದೆ ಕಾಫಿ ಕೊಯ್ಲಿನ ಕಾಲದಲ್ಲಿ ವರ್ಷ ವರ್ಷವೂ ಗಡಿ ದಾಟಿ ಕೊಡಗಿಗೆ ಹೋಗುತ್ತಿದ್ದರು. 1988ರ ಜನವರಿಯಲ್ಲಿ ಅಲ್ಲಿಯ ಒಂದು ತೋಟದ ಲೈನಿನಲ್ಲಿ ಜ್ವರ ಬಂದು ತೀರಿಕೊಂಡರು. ಜೊತೆಗಿದ್ದವರು ಶವವನ್ನು ಜೀಪಿನಲ್ಲಿ ಊರಿಗೆ ತಂದರು. ಇಲ್ಲಿಯೇ ಮಣ್ಣು ಮಾಡಿದೆವು. ಕೆಲವು ತಿಂಗಳಾದ ಮೇಲೆ ತಾಯಿ ವಿಧವಾ ಪಿಂಚಣಿಗೆ ಅರ್ಜಿ ಹಾಕಿದಾಗ ಮರಣದ ಸರ್ಟಿಫಿಕೇಟು ತರಲು ಹೇಳಿದರು. ಇಲ್ಲಿಯ ಒಂದು ಕಚೇರಿಗೆ ಹೋದೆವು. ನಾಳೆ ಬಾ ಎಂದರು. ನಾಳೆ ಹೋದರೆ ಮುಂದಿನ ವಾರ ಎಂದರು. ಹೀಗೆ ಹತ್ತೊಂಬತ್ತು ತಿಂಗಳು ಅಲೆದೆವು. ಒಂದು ಸಾರಿ ಹೋಗಿ ಬಂದರೆ ತಾಯಿಗೆ ಒಂದು ದಿನದ ಕೂಲಿ ಹೋಗುತ್ತಿತ್ತು. ಕಡೆಗೆ ನಮ್ಮೂರಿನ ಒಬ್ಬ ನಿವೃತ್ತ ಮಾಸ್ತರರು ನನ್ನನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: "ನಿನ್ನ ತಂದೆ ಪ್ರಾಣ ಬಿಟ್ಟದ್ದು ಎಲ್ಲಿ?"

ಅಷ್ಟೇ ವಿಷಯ. ಮರಣವನ್ನು ಅದು ಸಂಭವಿಸಿದ ಸ್ಥಳದ ರಿಜಿಸ್ಟರಿನಲ್ಲಿ ಬರೆಯುತ್ತಾರೆಯೇ ಹೊರತು, ಮನೆಯಿದ್ದ ಊರಿನಲ್ಲಿ ಅಲ್ಲ, ಹೂಳಿದ ಊರಿನಲ್ಲಿಯೂ ಅಲ್ಲ. ಜನನಕ್ಕೂ ಇದೇ ನಿಯಮ. ನಾವು ಹತ್ತೊಂಬತ್ತು ತಿಂಗಳು ಬಡಿದದ್ದು ಬೇರೆಯವರ ಬಾಗಿಲನ್ನು. ಕೊಡಗಿಗೆ ಹೋಗಿ ಗ್ರಾಮ ಲೆಕ್ಕಿಗರಲ್ಲಿ ವಿಚಾರಿಸಿದರೆ ಅಲ್ಲಿಯೂ ಬರೆದಿರಲಿಲ್ಲ, ಏಕೆಂದರೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕಾದವರು ಯಾರು? 1969ರ ಜನನ ಮರಣ ನೋಂದಣಿ ಕಾಯಿದೆಯ 9ನೆಯ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಾಲ್ಕು ಹೆಕ್ಟೇರಿಗೆ ಕಡಿಮೆಯಿಲ್ಲದ ಕಾಫಿ, ಚಹಾ, ಮೆಣಸು, ರಬ್ಬರು, ಏಲಕ್ಕಿ ಮುಂತಾದ ತೋಟದೊಳಗೆ ಒಂದು ಜನನವೋ ಮರಣವೋ ಆದರೆ, ಆ ತೋಟದ ಕೂಲಿಯಾಳುಗಳ ಮೇಲ್ವಿಚಾರಣೆ ಯಾರ ಕೈಯಲ್ಲಿದೆಯೋ ಅವನೇ ರಿಜಿಸ್ಟ್ರಾರರಿಗೆ ತಿಳಿಸತಕ್ಕದ್ದು. ಮನೆಯವರು ಅವನಿಗೆ ವಿವರ ಕೊಟ್ಟರೆ ಸಾಕು. ಆ ತೋಟದವರು ಇದನ್ನು ಮಾಡಿರಲಿಲ್ಲ. ನಮಗೆ ಈ ಕಲಮು ಇದೆಯೆಂದೇ ಗೊತ್ತಿರಲಿಲ್ಲ.

ವರ್ಷ ದಾಟಿದ ಮರಣವಾದುದರಿಂದ ಆಗಿನ ನಿಯಮದಂತೆ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಯಿತು. ಅಲ್ಲಿ ನಮ್ಮನ್ನು ಉಳಿಸಿದ್ದು ಎರಡು ಬರಹಗಳು. ಒಂದು, ನಮ್ಮ ಉಪದೇಶಿಗಳು ಹೂಳುವಿಕೆಯ ಪುಸ್ತಕದಲ್ಲಿ ಬರೆದಿದ್ದ ತಾರೀಕು. ಇನ್ನೊಂದು, ತೋಟದ ಸಂಬಳದ ಪುಸ್ತಕದಲ್ಲಿ ತಂದೆಯ ಹೆಸರಿನ ಮುಂದೆ ಹಾಜರಿ ನಿಂತುಹೋದ ದಿನ. ಎರಡೂ ಒಂದಕ್ಕೊಂದು ಹೊಂದಿದವು. ತಾಯಿಯ ಕೈಗೆ ಮೊದಲ ಪಿಂಚಣಿ ಬರುವಾಗ ಸುಮಾರು ಮೂರು ವರ್ಷ ಕಳೆದಿತ್ತು. ಅಷ್ಟರಲ್ಲಿ ನನ್ನ ತಂಗಿ ಶಾಲೆ ಬಿಟ್ಟು ಕೂಲಿಗೆ ಸೇರಿದ್ದಳು. ಮತ್ತೆ ಅವಳು ಶಾಲೆಗೆ ಹೋಗಲಿಲ್ಲ.

ಕಚೇರಿಯವರು ಮೊದಲ ದಿನವೇ ನಮಗೆ ದಾರಿ ತೋರಿಸಬಹುದಿತ್ತು. ಆದರೆ ನಮ್ಮಲ್ಲಿಯೂ ಮೂರು ತಪ್ಪುಗಳಿದ್ದವು. ಯಾವ ಪುಸ್ತಕ ಬೇಕೆಂದು ತಿಳಿಯದೆ ಹೋದೆವು. ಆ ಪುಸ್ತಕ ಎಲ್ಲಿದೆಯೆಂದು ಕೇಳಲಿಲ್ಲ. ಒಂದು ದಿನವೂ ಬರಹದಲ್ಲಿ ಕೇಳಲಿಲ್ಲ, ಬಾಯಿಮಾತಿನಲ್ಲೇ ಬೇಡಿದೆವು. ಈ ಮೂರನ್ನು ನೀವು ಮಾಡದಿರಲಿ ಎಂದೇ ಈ ಭಾಷಣ.

ಬೇರೆ ಕಡೆ ಹುಡುಕಬೇಕೆಂಬುದು ಹೊಸ ಪಾಠವಲ್ಲ. ಎಜ್ರನ ಪುಸ್ತಕದಲ್ಲಿ ನೀವು ಓದಿದ್ದೀರಿ. ಯೆರೂಸಲೇಮಿನಲ್ಲಿ ದೇವಾಲಯ ಕಟ್ಟುತ್ತಿದ್ದವರನ್ನು ಅಧಿಕಾರಿಗಳು, ಯಾರ ಅಪ್ಪಣೆಯಿಂದ ಕಟ್ಟುತ್ತೀರಿ ಎಂದು ಕೇಳಿದರು. ಕೋರೆಷ ರಾಜನೇ ಅಪ್ಪಣೆ ಕೊಟ್ಟಿದ್ದನೆಂದು ಅವರು ಹೇಳಿದರು. ಆಗ ದಾರ್ಯಾವೆಷನು ದಾಖಲೆ ಹುಡುಕಿಸಿದನು. ಬಾಬೆಲಿನ ಭಂಡಾರದಲ್ಲಿ ಹುಡುಕಲು ಹೇಳಿದರೂ, ಸುರುಳಿ ಸಿಕ್ಕಿದ್ದು ದೂರದ ಮೇದ್ಯ ಸೀಮೆಯ ಅಹ್ಮೆತದಲ್ಲಿ. ಅದು ಸಿಕ್ಕಿದ ಮೇಲೆ ಪ್ರಶ್ನಿಸಿದವರೇ ಖರ್ಚನ್ನೂ ಕೊಡಬೇಕಾಯಿತು. ಆ ಜನರ ಮಾತು ಮೊದಲಿನಿಂದಲೂ ಸತ್ಯವಾಗಿತ್ತು. ಆದರೆ ಬರಹ ಸಿಕ್ಕುವ ತನಕ ಆ ಸತ್ಯಕ್ಕೆ ಬಲವಿರಲಿಲ್ಲ.

ನಮ್ಮ ವಯನಾಡಿನ ದಾಖಲೆಗಳೂ ಹೀಗೆಯೇ ಹಂಚಿಹೋಗಿವೆ. ವಯನಾಡು ಜಿಲ್ಲೆಯಾದದ್ದು 1980ರ ನವೆಂಬರ 1ರಂದು. ಅದಕ್ಕೆ ಹಿಂದೆ ಉತ್ತರ ವಯನಾಡು ಕಣ್ಣೂರು ಜಿಲ್ಲೆಯಲ್ಲಿತ್ತು, ದಕ್ಷಿಣ ವಯನಾಡು ಕಲ್ಲಿಕೋಟೆ ಜಿಲ್ಲೆಯಲ್ಲಿತ್ತು. ಅದಕ್ಕೂ ಹಿಂದೆ, 1956ರಲ್ಲಿ ಕೇರಳ ರಾಜ್ಯವಾಗುವ ತನಕ, ಎಲ್ಲವೂ ಮದರಾಸಿಗೆ ಸೇರಿದ ಮಲಬಾರ್ ಜಿಲ್ಲೆ. ಗೂಡಲೂರಿನ ಕಡೆಯ ಭಾಗವಂತೂ 1877ರಲ್ಲಿಯೇ ನೀಲಗಿರಿಗೆ ಹೋಯಿತು. ಆದುದರಿಂದ ಅಜ್ಜನ ಕಾಲದ ಕಾಗದ ಹುಡುಕುವವನು ಕಲ್ಪೆಟ್ಟದ ಕಲೆಕ್ಟರ್ ಕಚೇರಿಯಲ್ಲಿ ಇಲ್ಲವೆಂದರೆ ಎದೆಗುಂದಬಾರದು. ಆ ವರ್ಷದಲ್ಲಿ ನಮ್ಮ ಊರು ಯಾವ ಜಿಲ್ಲೆಗೆ ಸೇರಿತ್ತು ಎಂದು ಮೊದಲು ಲೆಕ್ಕ ಹಾಕಬೇಕು. ಹಳೆಯ ಮಲಬಾರ್ ಕಲೆಕ್ಟರರ ಕಡತಗಳು ಕಲ್ಲಿಕೋಟೆಯ ಪ್ರಾದೇಶಿಕ ಪತ್ರಾಗಾರದಲ್ಲಿವೆ. ಮದರಾಸು ಸರಕಾರದ ಕಡತಗಳು ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ನಮ್ಮಲ್ಲಿ ಹಲವರ ಕಾಗದ ಗಡಿಯಾಚೆ ಕುಟ್ಟದಲ್ಲಿಯೋ ಹೆಗ್ಗಡದೇವನಕೋಟೆಯಲ್ಲಿಯೋ ಇರುತ್ತದೆ. ಕಬಿನಿ ಹೊಳೆ ಹೇಗೆ ಪೂರ್ವಕ್ಕೆ ಹರಿದು ಆ ಕಡೆ ಹೋಗುತ್ತದೋ ನಮ್ಮ ಜನರೂ ಹಾಗೆಯೇ ಹೋಗಿಬಂದವರು.

ಇನ್ನು ಯಾವ ಪುಸ್ತಕ ಎಲ್ಲಿದೆ ಎಂಬುದನ್ನು ನೆನಪಿಡಿ. ಜನನ, ಮರಣ, ಮದುವೆಯ ರಿಜಿಸ್ಟರು ಇಲ್ಲಿ ಪಂಚಾಯತಿನಲ್ಲಿ ಅಥವಾ ನಗರಸಭೆಯಲ್ಲಿ. ಭೂಮಿಯ ಲೆಕ್ಕ ವಿಲ್ಲೇಜ್ ಆಫೀಸಿನಲ್ಲಿ. ಕರ್ನಾಟಕದಲ್ಲಿ ನಾವು ಪಹಣಿ ಎಂದು ಕೇಳುತ್ತೇವೆ. ಇಲ್ಲಿ ಹಾಗೆ ಕೇಳಿದರೆ ಅವರಿಗೆ ತಿಳಿಯದು. ಇಲ್ಲಿ ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ತರಗತಿ ಬರೆದಿರುವುದು ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನಲ್ಲಿ. ಒಬ್ಬನ ಹೆಸರಿನಲ್ಲಿರುವ ಭೂಮಿಯ ಖಾತೆಗೆ ತಂಡಪೇರ್ ಎನ್ನುತ್ತಾರೆ. ಖಾತೆ ಬದಲಾವಣೆಗೆ ಪೋಕ್ಕುವರವ್, ಕ್ರಯಪತ್ರಕ್ಕೆ ಆಧಾರಂ, ಸರಕಾರ ಕೊಟ್ಟ ಹಕ್ಕುಪತ್ರಕ್ಕೆ ಪಟ್ಟಯಂ, ಕಂದಾಯಕ್ಕೆ ನಿಕುತಿ. ಈ ಆರು ಶಬ್ದಗಳನ್ನು ಬಾಯಿಪಾಠ ಮಾಡಿದರೆ ಅರ್ಧ ಕೆಲಸವಾದಂತೆ. ಕ್ರಯಪತ್ರದ ನಕಲು, ಋಣಭಾರದ ಸರ್ಟಿಫಿಕೇಟು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. 1908ರ ನೋಂದಣಿ ಕಾಯಿದೆಯಂತೆ ಸ್ಥಿರಾಸ್ತಿಯ ಪತ್ರಗಳನ್ನು ಬರೆದಿಡುವ ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಫೀಸು ಕೊಟ್ಟು ಯಾರು ಬೇಕಾದರೂ ನೋಡಬಹುದು. ಆ ಭೂಮಿ ನಿನ್ನದೇ ಎಂದು ಅವರು ಕೇಳುವಂತಿಲ್ಲ.

ಆದರೆ ತೋಟದ ಪಾಡಿಯಲ್ಲಿ ಹುಟ್ಟಿ ಪಾಡಿಯಲ್ಲೇ ಮುದುಕರಾದ ನಮ್ಮಂಥವರ ಹೆಸರು ಭೂಮಿಯ ಪುಸ್ತಕದಲ್ಲಿ ಇಲ್ಲ. ಕೇರಳದ ಭೂಸುಧಾರಣೆಯ ಮಿತಿಯಿಂದ ತೋಟಗಳಿಗೆ ವಿನಾಯಿತಿ ಇತ್ತು. ಪಾಡಿಯ ಮಣ್ಣು ತೋಟದ ಹೆಸರಿನಲ್ಲೇ ಉಳಿಯಿತು. ಅಂಥವರು ಬೇರೆ ಪುಸ್ತಕಗಳಲ್ಲಿ ತಮ್ಮನ್ನು ಹುಡುಕಬೇಕು. ಶಾಲೆಯ ಪ್ರವೇಶ ರಿಜಿಸ್ಟರು, ರೇಷನ್ ಕಾರ್ಡು, ಮತದಾರರ ಪಟ್ಟಿ, ಸಂಬಳದ ಪುಸ್ತಕ, ಪ್ರಾವಿಡೆಂಟ್ ಫಂಡಿನ ಲೆಕ್ಕ, ಸಭೆಯ ದೀಕ್ಷಾಸ್ನಾನದ ಪುಸ್ತಕ. 2025ರ ನವೆಂಬರದಲ್ಲಿ ಕೇರಳದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಆರಂಭವಾದಾಗ 2002ರ ಪಟ್ಟಿಯಲ್ಲಿ ತಮ್ಮ ಅಥವಾ ತಂದೆತಾಯಿಯ ಹೆಸರನ್ನು ಹುಡುಕಬೇಕಾಗಿ ಬಂತು. ಆಗ ನಿಮ್ಮಲ್ಲಿ ಎಷ್ಟು ಮಂದಿ ರಾತ್ರಿ ನಿದ್ದೆಗೆಟ್ಟಿರಿ ಎಂಬುದು ನನಗೆ ಗೊತ್ತು. ಇಪ್ಪತ್ತಮೂರು ವರ್ಷ ಹಿಂದೆ ಬರೆದ ಒಂದು ಸಾಲು ಈ ದಿನ ಹೀಗೆ ಬೇಕಾಗುತ್ತದೆ ಎಂದು ಆಗ ಯಾರು ಎಣಿಸಿದ್ದರು?

ಬರಹವಿಲ್ಲದೆ ಕೆಟ್ಟವರ ಕಥೆ ಈ ಊರಿಗೆ ಹೊಸದಲ್ಲ. ಇಲ್ಲಿಂದ ಸ್ವಲ್ಪ ದೂರದ ವಳ್ಳಿಯೂರ್ಕಾವಿನ ಜಾತ್ರೆಯಲ್ಲಿ ಹಿಂದಿನ ಕಾಲದಲ್ಲಿ ಅಡಿಯ, ಪಣಿಯ ಜನರನ್ನು ಸ್ವಲ್ಪ ಹಣ ಕೊಟ್ಟು ವರ್ಷಕ್ಕೆಂದು ಜೀತಕ್ಕೆ ಕಟ್ಟಿಕೊಳ್ಳುತ್ತಿದ್ದರು. ಆಳಿನ ಕೈಯಲ್ಲಿ ಕರಾರಿನ ಕಾಗದವಿರಲಿಲ್ಲ. 1976ರ ಕಾಯಿದೆ ಜೀತವನ್ನು ಇಡೀ ದೇಶದಲ್ಲಿ ರದ್ದು ಮಾಡಿತು. ಭೂಮಿಯ ವಿಷಯವೂ ಹಾಗೆಯೇ. ಕೈತಪ್ಪಿದ ಆದಿವಾಸಿ ಭೂಮಿಯನ್ನು ಹಿಂದಕ್ಕೆ ಕೊಡಿಸುವ ಕಾಯಿದೆಯನ್ನು ಕೇರಳ 1975ರಲ್ಲಿ ಮಾಡಿತು. ನಿಯಮಗಳು ಬಂದದ್ದು 1986ರಲ್ಲಿ. ಜಾರಿಯಾಗದ್ದನ್ನು ಕಂಡು ವಯನಾಡಿನ ವೈದ್ಯರಾದ ಡಾಕ್ಟರ್ ನಲ್ಲತಂಬಿ ತೇರ ಅವರು 1988ರಲ್ಲಿ ಹೈಕೋರ್ಟಿಗೆ ಹೋದರು. ಜಾರಿ ಮಾಡಬೇಕೆಂದು ಕೋರ್ಟು ಹೇಳಿದ್ದು 1993ರಲ್ಲಿ. ಮತ್ತೆ 1999ರಲ್ಲಿ ಬೇರೆ ಕಾಯಿದೆ ಬಂತು, ಅದನ್ನು 2009ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಷ್ಟರಲ್ಲಿ ಒಂದು ತಲೆಮಾರೇ ಕಳೆದಿತ್ತು. ಕಾಯಿದೆ ಬಂದರೂ ನನ್ನ ಭೂಮಿ ಯಾವುದು, ಸರ್ವೆ ನಂಬರು ಎಷ್ಟು ಎಂದು ಹೇಳಲಾರದವನು ಏನು ಮಾಡಬೇಕು?

ಇಲ್ಲಿ ಒಂದು ಸಮಾಧಾನದ ಸಂಗತಿಯನ್ನೂ ಹೇಳಬೇಕು. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ ಸರಕಾರದ ಕಾಗದ ಮಾತ್ರವೇ ಸಾಕ್ಷಿಯೆಂದು ಹೇಳಿಲ್ಲ. ಬಾವಿ, ಗುಡಿಸಲಿನ ಗುರುತು, ಹಿರಿಯರ ಸಮಾಧಿಗಳು, ಪವಿತ್ರ ಸ್ಥಳಗಳು, ಹಕ್ಕು ಕೇಳುವವನಲ್ಲದ ಬೇರೆ ಹಿರಿಯನೊಬ್ಬನು ಹೇಳಿ ಬರೆಸಿದ ಮಾತು, ಇವೂ ಸಾಕ್ಷಿಗಳೇ. ಹಳೆಯ ಗೆಜೆಟಿಯರು, ಜನಗಣತಿ, ಸರ್ವೆ ಕಾಗದಗಳೂ ನಡೆಯುತ್ತವೆ. ಒಂದಕ್ಕಿಂತ ಹೆಚ್ಚು ಸಾಕ್ಷಿಗಳನ್ನು ಕೂಡಿಸಿ ಗ್ರಾಮಸಭೆಯ ಮುಂದಿಡಬೇಕು. ನಮ್ಮ ನೆರೆಯ ಕಾಟ್ಟುನಾಯ್ಕ ಬಂಧುಗಳಿಗೆ ಇದನ್ನು ತಿಳಿಸಿರಿ. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರವಾದುದರಿಂದ ನಾವು ಹೇಳಿದರೆ ಅವರಿಗೆ ಬೇಗ ತಿಳಿಯುತ್ತದೆ.

ಈಗ ಕೇಳುವ ಕ್ರಮಕ್ಕೆ ಬರೋಣ. ನಿಮ್ಮದೇ ಸರ್ಟಿಫಿಕೇಟು, ನಕಲು ಬೇಕಾದರೆ ಮಾಮೂಲು ಅರ್ಜಿಯೇ ಸಾಕು. ಅಕ್ಷಯ ಕೇಂದ್ರದಲ್ಲಿ ಹೆಚ್ಚಿನವನ್ನು ಹಾಕಬಹುದು. ಅದು ಆಗದಿದ್ದರೆ, ಅಥವಾ ಕಡತದೊಳಗೆ ಏನಾಗಿದೆ ಎಂದು ತಿಳಿಯಬೇಕಾದರೆ, 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಬಿಳಿ ಹಾಳೆ ಸಾಕು. ಕೇರಳದಲ್ಲಿ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಬೇಕು. ಬಡತನದ ರೇಖೆಗಿಂತ ಕೆಳಗಿನವರಿಗೆ ಫೀಸಿಲ್ಲ. ಅದಕ್ಕೆ ಪುರಾವೆಯ ನಕಲು ಇಡಬೇಕು. ಏಕೆ ಬೇಕು ಎಂದು ಕಾರಣ ಹೇಳುವ ಅಗತ್ಯವಿಲ್ಲ, ಅವರು ಕೇಳಲೂ ಬಾರದು. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಒಬ್ಬನ ಪ್ರಾಣಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ ನಲ್ವತ್ತೆಂಟು ಗಂಟೆಯೊಳಗೆ. ಬೇರೆ ಕಚೇರಿಗೆ ಸೇರಿದ ವಿಷಯವಾದರೆ ಐದು ದಿನದೊಳಗೆ ಅವರೇ ಅಲ್ಲಿಗೆ ಕಳುಹಿಸಿ ನಿಮಗೆ ತಿಳಿಸಬೇಕು. ನಮ್ಮ ತಾಯಿಯ ಕಾಲದಲ್ಲಿ ಈ ಕಲಮು ಇರಲಿಲ್ಲ. ಆದರೂ ಇಲ್ಲಿಯ ಕಚೇರಿ ಕರ್ನಾಟಕದ ಕಚೇರಿಗೆ ಕಳುಹಿಸೀತು ಎಂದು ಕಾದು ಕೂಡಬೇಡಿ. ಅಲ್ಲಿಗೆ ನೀವೇ ಬರೆಯಿರಿ.

ಭಾಷೆಯ ವಿಷಯ ಒಂದು ಮಾತು. ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಬರೆಯಬೇಕು. ಆದುದರಿಂದ ಇಲ್ಲಿ ಮಲಯಾಳದಲ್ಲಿ ಬರೆಸಿರಿ. ಕೊಡಗಿಗೋ ಮೈಸೂರು ಜಿಲ್ಲೆಗೋ ಬರೆಯುವಾಗ ಕನ್ನಡದಲ್ಲೇ ಬರೆಯಿರಿ. ಅಲ್ಲಿಯ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ನೂರೈವತ್ತು ಪದಗಳೊಳಗೆ. ಬರೆಯಲು ಬಾರದವನು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ಸಹಾಯ ಮಾಡತಕ್ಕದ್ದು ಎಂದು ಕಾಯಿದೆ ಹೇಳುತ್ತದೆ. ಇದು ದಯೆಯಲ್ಲ, ಅವರ ಕರ್ತವ್ಯ.

ಏನು ಕೇಳಬೇಕು ಎಂಬುದರಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. "ನನ್ನ ಅರ್ಜಿ ಏಕೆ ತಡವಾಯಿತು? ನನಗೇಕೆ ಅನ್ಯಾಯ?" ಎಂದು ಬರೆದರೆ ಉತ್ತರ ಬರುವುದಿಲ್ಲ. ಈ ಕಾಯಿದೆ ಕೊಡಿಸುವುದು ದಾಖಲೆಯನ್ನು, ಮನಸ್ಸಿನ ಮಾತನ್ನಲ್ಲ. ಹೀಗೆ ಬರೆಯಿರಿ: "ಇಂಥ ತಾರೀಕಿನಲ್ಲಿ ಕೊಟ್ಟ ಇಂಥ ನಂಬರಿನ ಅರ್ಜಿಯ ಕಡತದಲ್ಲಿರುವ ಎಲ್ಲಾ ಟಿಪ್ಪಣಿ ಪುಟಗಳ ನಕಲು ಕೊಡಿರಿ. ಆ ಕಡತ ಯಾವ ತಾರೀಕಿನಲ್ಲಿ ಯಾವ ಅಧಿಕಾರಿಯ ಬಳಿ ಇತ್ತೆಂದು ತೋರಿಸುವ ದಾಖಲೆಯ ನಕಲು ಕೊಡಿರಿ." ಆಗ ತಡ ಮಾಡಿದವರು ಯಾರೆಂದು ಕಾಗದವೇ ಹೇಳುತ್ತದೆ. ನಾವು ಕೂಗಾಡಬೇಕಾಗಿಲ್ಲ.

ತೋಟ ಖಾಸಗಿಯವರದ್ದು, ಅವರನ್ನು ಕೇಳಲಾಗದು ಎಂದು ಕೆಲವರು ಹೇಳುತ್ತಾರೆ. ನೇರವಾಗಿ ಕೇಳಲಾಗದು, ನಿಜ. ಆದರೆ ಪಾಡಿಯ ಮನೆ, ಕುಡಿಯುವ ನೀರು, ಔಷಧಿ, ಶಿಶುಗೃಹ ಇವುಗಳ ಕುರಿತು 1951ರ ತೋಟ ಕಾರ್ಮಿಕರ ಕಾಯಿದೆಯ ಕೆಳಗೆ ಪರಿಶೀಲಕರು ವರ್ಷಗಟ್ಟಲೆ ವರದಿ ಬರೆದಿದ್ದಾರೆ. ಆ ಕಾಯಿದೆಯ ಸ್ಥಾನಕ್ಕೆ 2020ರ ಸಂಹಿತೆ 2025ರ ನವೆಂಬರದಲ್ಲಿ ಬಂತು. ಹೊಸದಿರಲಿ ಹಳೆಯದಿರಲಿ, ಕಾರ್ಮಿಕ ಇಲಾಖೆಯ ಕಡತದಲ್ಲಿರುವ ವರದಿ ಸರಕಾರದ ದಾಖಲೆ. ಅದರ ನಕಲನ್ನು ಕೇಳಬಹುದು. ಸೋರುವ ಮಾಡಿನ ಕೆಳಗೆ ಮಲಗುವವನು, ಕಾಗದದಲ್ಲಿ ಆ ಮಾಡು ಸರಿಯಾಗಿದೆ ಎಂದು ಬರೆದಿದ್ದಾರೆಯೇ ಎಂದು ತಿಳಿಯುವುದು ನ್ಯಾಯವಲ್ಲವೇ?

ಕೆಲವನ್ನು ಕೊಡುವುದಿಲ್ಲ. ಬೇರೆಯವರ ಸ್ವಂತ ವಿವರ ಕೇಳಿದರೆ ನಿರಾಕರಿಸಬಹುದು. 2025ರ ನವೆಂಬರದಿಂದ ಈ ತಡೆ ಇನ್ನೂ ಬಿಗಿಯಾಗಿದೆ. ಆದುದರಿಂದ ನೆರೆಯವನ ಮೇಲಿನ ಹಗೆ ತೀರಿಸಲು ಈ ಕಾಯಿದೆಯನ್ನು ಎಳೆಯಬೇಡಿ. ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಮೂವತ್ತು ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಅಪೀಲು ಮಾಡಿರಿ. ಅಲ್ಲಿಯೂ ಆಗದಿದ್ದರೆ ತೊಂಬತ್ತು ದಿನದೊಳಗೆ ತಿರುವನಂತಪುರದ ರಾಜ್ಯ ಮಾಹಿತಿ ಆಯೋಗಕ್ಕೆ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಆದರೆ ನಿಮ್ಮ ಬಳಿ ಅರ್ಜಿ ಕೊಟ್ಟ ರಶೀದಿ ಇರಬೇಕು. ರಶೀದಿ ಇಲ್ಲದ ಅರ್ಜಿ ಗಾಳಿಗೆ ಹೇಳಿದ ಮಾತು.

ಕಡೆಗೆ, 2024ರ ಜುಲೈ 30ನ್ನು ನೆನೆಯದೆ ಈ ವಿಷಯ ಮುಗಿಸಲಾರೆ. ಆ ರಾತ್ರಿ ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್‌ಮಲೆ, ಪುಂಚಿರಿಮಟ್ಟದ ಮೇಲೆ ಗುಡ್ಡ ಜರಿದು ನೂರಾರು ಮಂದಿ ಸತ್ತರು. ಅವರಲ್ಲಿ ತೋಟದ ಪಾಡಿಗಳಲ್ಲಿದ್ದವರೂ ಇದ್ದರು. ಉಳಿದವರ ಮೈಮೇಲಿನ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಪೆಟ್ಟಿಗೆಯೊಳಗಿನ ಕಾಗದಗಳೆಲ್ಲ ಮಣ್ಣಾದವು. ಆಗಸ್ಟಿನಲ್ಲಿ ಇಲಾಖೆಗಳು ಒಟ್ಟಾಗಿ ಮೇಪ್ಪಾಡಿಯಲ್ಲಿ ಶಿಬಿರ ಹಾಕಿ ಕಳೆದುಹೋದ ಕಾಗದಗಳನ್ನು ಮತ್ತೆ ಕೊಟ್ಟವು. ಹೇಗೆ ಸಾಧ್ಯವಾಯಿತು? ಮೂಲ ಬರಹ ಬೇರೆಡೆ ಇದ್ದುದರಿಂದ. ಯಾರ ಹೆಸರು ಯಾವುದಾದರೊಂದು ಪುಸ್ತಕದಲ್ಲಿ ಸರಿಯಾಗಿ ಇತ್ತೋ ಅವನ ಕಾಗದವನ್ನು ಮತ್ತೆ ಬರೆಯಬಹುದಿತ್ತು. ಯಾವ ಪುಸ್ತಕದಲ್ಲಿಯೂ ಇಲ್ಲದವನದ್ದನ್ನು ಎಲ್ಲಿಂದ ತರುವುದು? ಶವ ಸಿಕ್ಕದವರ ವಿಷಯದಲ್ಲಿ ಮರಣವೆಂದು ಬರೆಯಿಸಿಕೊಳ್ಳಲು ಮನೆಯವರು ತಿಂಗಳುಗಟ್ಟಲೆ ಕಾದರು. ಅವರ ಕಾಯುವಿಕೆ ಎಂಥದೆಂದು ನನ್ನ ತಾಯಿ ಬದುಕಿದ್ದರೆ ಹೇಳುತ್ತಿದ್ದಳು.

ಆದುದರಿಂದ ಬಂಧುಗಳೇ, ಮನೆಗೆ ಹೋಗಿ ಈ ವಾರ ಮೂರು ಕೆಲಸ ಮಾಡಿರಿ. ಒಂದು ಹಾಳೆಯಲ್ಲಿ ಮನೆಯವರೆಲ್ಲರ ಹೆಸರು, ಹುಟ್ಟಿದ ಸ್ಥಳ, ತಾರೀಕು ಬರೆದು, ಯಾವ ಕಾಗದದಲ್ಲಿ ಹೆಸರು ಹೇಗಿದೆ ಎಂದು ಹೋಲಿಸಿ ನೋಡಿರಿ. ಒಂದು ಕಡೆ ಮಾರ, ಇನ್ನೊಂದು ಕಡೆ ಮಾರಪ್ಪ ಎಂದಿದ್ದರೆ ಈಗಲೇ ತಿದ್ದಿಸಿರಿ. ಸತ್ತ ಮೇಲೆ ತಿದ್ದಿಸುವುದು ಕಷ್ಟ. ಎರಡನೆಯದಾಗಿ, ಎಲ್ಲಾ ಕಾಗದಗಳ ನಕಲು ಮಾಡಿಸಿ ಒಂದು ಕಟ್ಟನ್ನು ಬೇರೆ ಊರಿನ ನಂಟರ ಮನೆಯಲ್ಲಿಡಿ. ಮೂರನೆಯದಾಗಿ, ಕೊಯ್ಲಿಗೆ ಗಡಿ ದಾಟುವಾಗ ತೋಟದ ಹೆಸರು, ಊರು, ಹೋದ ದಿನ ಇವನ್ನು ಮನೆಯಲ್ಲಿ ಬರೆದಿಟ್ಟು ಹೋಗಿರಿ.

ಓದುಬರಹ ಬಲ್ಲ ಎಳೆಯರಿಗೆ ನನ್ನದು ಇನ್ನೊಂದು ಬೇಡಿಕೆ. ಬರಲಿರುವ ತಿಂಗಳಲ್ಲಿ ಓದಲು ಬಾರದ ಒಬ್ಬರ ಜೊತೆಗೆ ಒಂದು ಸಾರಿ ಕಚೇರಿಗೆ ಹೋಗಿರಿ. ಅವರ ಪರವಾಗಿ ಮಾತಾಡಬೇಡಿ. ಪಕ್ಕದಲ್ಲಿ ನಿಂತು, ಯಾವ ಪುಸ್ತಕ, ಯಾವ ವರ್ಷ, ಯಾವ ಸ್ಥಳ ಎಂದು ಅವರೇ ಕೇಳುವಂತೆ ಮಾಡಿರಿ. ಆ ಮಾಸ್ತರರು ನನ್ನನ್ನು ಕೇಳಿದ ಒಂದು ಪ್ರಶ್ನೆಯನ್ನು ಯಾರಾದರೂ ಹತ್ತೊಂಬತ್ತು ತಿಂಗಳು ಮೊದಲೇ ಕೇಳಿದ್ದರೆ ನನ್ನ ತಂಗಿ ಶಾಲೆಯಲ್ಲೇ ಇರುತ್ತಿದ್ದಳು.

 ಅರ್ಜಿ ಬರೆಯಬೇಕಾದವರು ಊಟವಾದ ಮೇಲೆ ಹಿಂದಿನ ಬೆಂಚಿನ ಬಳಿ ಬನ್ನಿರಿ. ನಾವು ಕೆಲವರು ಕಾಗದ, ಪೆನ್ನು ಇಟ್ಟುಕೊಂಡು ಕೂತಿರುತ್ತೇವೆ.